ಗುಜರಿ ತಕ್ಕಡಿಗೆ ಏರದ ಪೊಟ್ಟಣಗಳು

'ಹಳೇ ಪೇಪರ್, ಹಳೇ ಕಬ್ಬಿಣ, ಖಾಲಿ ಸೀಸೆ...' ಎಂದು ಕೂಗುತ್ತ ಬರುವ ಗುಜರಿ ವ್ಯಾಪಾರಿಯ ತಳ್ಳುಗಾಡಿಯನ್ನು ನೋಡದವರು ಯಾರು? ಆತನ ಮುಂದೆ ನಿಮ್ಮ ಮನೆಯ ಒಂದು ತಿಂಗಳ ಖಾಲಿ ಡಬ್ಬಿ, ಬಾಟಲಿ, ಪೊಟ್ಟಣಗಳನ್ನೆಲ್ಲ ತಂದು ಸುರಿಯಿರಿ. ಕ್ಷಣಾರ್ಧದಲ್ಲಿ ಆತ ಅದನ್ನು ಎರಡು ಗುಡ್ಡೆ ಮಾಡುತ್ತಾನೆ. ದಿನಪತ್ರಿಕೆ, ರಟ್ಟಿನ ಪೆಟ್ಟಿಗೆ, ತಗಡಿನ ಡಬ್ಬ, ಅಲ್ಯೂಮಿನಿಯಂ ಕ್ಯಾನ್, ನೀರಿನ ಬಾಟಲಿ, ತೊಳೆದು ಒಣಗಿಸಿಟ್ಟ ಹಾಲಿನ ಪ್ಯಾಕೆಟ್ - ಇವೆಲ್ಲ ತಕ್ಕಡಿಗೆ ಏರುತ್ತವೆ. ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ಶಾಂಪೂ ಸ್ಯಾಷೆ, ಮಾತ್ರೆ ಮುಗಿದ ಪಟ್ಟಿ, ಥರ್ಮಾಕೋಲ್ - ಇವನ್ನು 'ಇದು ಬೇಡಮ್ಮ' ಎಂದು ಬದಿಗೆ ಸರಿಸುತ್ತಾನೆ.

ಬದಿಗೆ ಸರಿದ ಗುಡ್ಡೆ ಎಲ್ಲಿಗೆ ಹೋಗುತ್ತದೆ? ಚರಂಡಿಗೆ, ಕೆರೆಗೆ, ಊರಾಚೆಯ ಕಸದ ರಾಶಿಗೆ. ಹಲವೆಡೆ ಬೆಂಕಿಗೆ. ಅದರ ಮೇಲೆ ಮೂರು ಬಾಣಗಳ ತ್ರಿಕೋನ ಗುರುತು ಅಚ್ಚಾಗಿದ್ದರೂ ಅದರ ಗತಿ ಅಷ್ಟೇ.

ಒಂದು ವಸ್ತುವನ್ನು ಮತ್ತೆ ಬಳಕೆಗೆ ತರಲು ಸಾಧ್ಯವೇ ಎಂಬುದು ಒಂದು ಪ್ರಶ್ನೆ. ಅದು ನಿಜವಾಗಿ ಮತ್ತೆ ಬಳಕೆಗೆ ಬರುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ. ಪ್ರಯೋಗಶಾಲೆಯಲ್ಲಿ ಬಹುತೇಕ ಎಲ್ಲವನ್ನೂ ಮರುಬಳಕೆ ಮಾಡಬಹುದು. ಬೀದಿಯಲ್ಲಿ ಮಾತ್ರ ಗುಜರಿಯವನ ಲೆಕ್ಕವೇ ಅಂತಿಮ. ಆತನ ಲೆಕ್ಕ ಮೂರು ಅಂಶಗಳ ಮೇಲೆ ನಿಂತಿದೆ. ವಸ್ತು ಒಂದೇ ಜಾತಿಯದೋ ಅಥವಾ ಬೆರಕೆಯೋ? ಸ್ವಲ್ಪ ಶ್ರಮಕ್ಕೆ ಸಾಕಷ್ಟು ತೂಕ ಸಿಗುತ್ತದೆಯೋ ಇಲ್ಲವೋ? ಅದನ್ನು ಹೊಸದಾಗಿ ತಯಾರಿಸುವುದಕ್ಕಿಂತ ಹಳೆಯದನ್ನು ಕರಗಿಸುವುದು ಅಗ್ಗವೋ ತುಟ್ಟಿಯೋ? ಈ ಮೂರೂ ಅನುಕೂಲವಾಗಿದ್ದರೆ ಯಾರ ಉಪದೇಶವೂ ಇಲ್ಲದೆ ವಸ್ತು ಮರಳಿ ಕಾರ್ಖಾನೆ ಸೇರುತ್ತದೆ. ಒಂದೊಂದಾಗಿ ನೋಡೋಣ.

ಅಲ್ಯೂಮಿನಿಯಂ ಎಂಬ ವಿದ್ಯುತ್ ಖಜಾನೆ

ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನಾಗಲಿ, ತಂಪು ಪಾನೀಯದ ಕ್ಯಾನನ್ನಾಗಲಿ ಯಾರೂ ಬಿಸಾಡುವುದಿಲ್ಲ. ಕಾರಣ ಆ ಲೋಹದೊಳಗೆ 'ಅಡಗಿರುವ' ವಿದ್ಯುತ್ತು. ಬಾಕ್ಸೈಟ್ ಎಂಬ ಅದಿರಿನಿಂದ ಮೊದಲು ಅಲ್ಯುಮಿನಾ ಎಂಬ ಬಿಳಿ ಪುಡಿ ತಯಾರಾಗುತ್ತದೆ. ನಮ್ಮ ಬೆಳಗಾವಿಯಲ್ಲಿ ಈ ಕೆಲಸ ಮಾಡುವ ಕಾರ್ಖಾನೆ ಇದೆ. ಅಲ್ಯುಮಿನಾದಲ್ಲಿ ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಬಿಡಿಸಲಾರದಂತೆ ಅಂಟಿಕೊಂಡಿರುತ್ತವೆ. ಕಬ್ಬಿಣದ ಅದಿರಿನಂತೆ ಇದನ್ನು ಕಲ್ಲಿದ್ದಲಿನೊಂದಿಗೆ ಕುಲುಮೆಗೆ ಹಾಕಿ ಬೇರ್ಪಡಿಸಲು ಆಗದು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಎಂಬ ಇಬ್ಬರು ತರುಣರು, ಒಬ್ಬರಿಗೊಬ್ಬರ ಸುಳಿವೂ ಇಲ್ಲದೆ, ಒಂದೇ ಉಪಾಯ ಕಂಡುಹಿಡಿದರು. ಕರಗಿದ ಕ್ರಯೊಲೈಟ್‌ನಲ್ಲಿ ಅಲ್ಯುಮಿನಾವನ್ನು ಕರಗಿಸಿ ಅದರ ಮೂಲಕ ವಿದ್ಯುತ್ ಹರಿಸುವುದು. ಇಂದಿಗೂ ಜಗತ್ತಿನೆಲ್ಲೆಡೆ ಇದೇ ವಿಧಾನ ನಡೆಯುತ್ತಿದೆ.

ಒಂದು ಕಿಲೋ ಲೋಹ ಪಡೆಯಲು ಇದರಲ್ಲಿ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ನಿಮ್ಮ ಮನೆಯ ಸಾಧಾರಣ ಫ್ರಿಜ್ ದಿನಕ್ಕೆ ಒಂದು ಯೂನಿಟ್ ತೆಗೆದುಕೊಳ್ಳುತ್ತದೆಂದರೆ ಇದು ಎರಡು ವಾರದ ಖರ್ಚು. ಆದರೆ ಒಮ್ಮೆ ಆಮ್ಲಜನಕದಿಂದ ಬೇರ್ಪಟ್ಟ ಲೋಹವನ್ನು ಮತ್ತೆ ಬೇರ್ಪಡಿಸಬೇಕಾಗಿಲ್ಲ. 660 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕರಗುತ್ತದೆ. ಅಚ್ಚಿಗೆ ಹೊಯ್ದರೆ ಮುಗಿಯಿತು. ಅದಿರಿನಿಂದ ತಯಾರಿಸಲು ತಗಲುವ ಶಕ್ತಿಯ ನೂರರಲ್ಲಿ ಐದು ಪಾಲು ಇದಕ್ಕೆ ಸಾಕು. ಉಳಿದ 95 ಪಾಲು ಉಳಿತಾಯ! ಈ ಉಳಿತಾಯದ ಒಂದು ಅಂಶವೇ ಕೈಯಿಂದ ಕೈಗೆ ಇಳಿದು ಗುಜರಿಯವನು ನಿಮಗೆ ಕೊಡುವ ರೂಪಾಯಿಯಾಗಿ ಬರುತ್ತದೆ.

ಹಾಗಿದ್ದರೆ ಮಾತ್ರೆಗಳ ಪಟ್ಟಿಯಲ್ಲೂ ಅಲ್ಯೂಮಿನಿಯಂ ಇದೆಯಲ್ಲ, ಅದನ್ನೇಕೆ ಒಲ್ಲೆನೆನ್ನುತ್ತಾನೆ? ಅಲ್ಲಿ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಪ್ಲಾಸ್ಟಿಕ್ಕಿಗೆ ಬಿಗಿಯಾಗಿ ಅಂಟಿಸಿರುತ್ತಾರೆ. ಎರಡನ್ನೂ ಬಿಡಿಸುವ ಖರ್ಚು ಸಿಗುವ ಲೋಹದ ಬೆಲೆಗಿಂತ ಹೆಚ್ಚು. ಅದೇ ಲೋಹ, ಆದರೆ ಬೆರಕೆ. ತಕ್ಕಡಿಗೆ ಬೇಡ.

ಅಡುಗೆ ಎಣ್ಣೆ ಬರುವ ತಗಡಿನ ಡಬ್ಬದ ಕಥೆ ಇನ್ನೂ ಸುಲಭ. ಅದು ತವರದ ಲೇಪವಿರುವ ಉಕ್ಕು. ಕಸದ ರಾಶಿಯ ಮೇಲೆ ದೊಡ್ಡ ಅಯಸ್ಕಾಂತ ಆಡಿಸಿದರೆ ಉಕ್ಕು ತಾನಾಗಿ ಮೇಲೆ ಬರುತ್ತದೆ. ಹೀಗೆ 'ಕರೆದರೆ ಎದ್ದು ಬರುವ' ಗುಣ ಬೇರೆ ಯಾವ ಹೊದಿಕೆ ವಸ್ತುವಿಗೂ ಇಲ್ಲ. ಹಳೆಯ ಉಕ್ಕನ್ನು ಕರಗಿಸಿ ಹೊಸದು ಮಾಡಿದರೆ ಅದಿರಿನಿಂದ ಮಾಡುವುದಕ್ಕಿಂತ ಅರ್ಧಕ್ಕೂ ಹೆಚ್ಚು ಶಕ್ತಿ ಉಳಿಯುತ್ತದೆ.

ಗಾಜು: ಗುಣವಿದೆ, ಬೆಲೆಯಿಲ್ಲ

ಶುದ್ಧ ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಗಾಜಿನಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಮರಳು, ಸೋಡಾ ಬೂದಿ, ಸುಣ್ಣಕಲ್ಲು - ಇವನ್ನು ಸುಮಾರು 1500 ಡಿಗ್ರಿಯಲ್ಲಿ ಕರಗಿಸಿ ಗಾಜು ಮಾಡುತ್ತಾರೆ. ಈ ಮಿಶ್ರಣಕ್ಕೆ ಒಡೆದ ಹಳೆಯ ಗಾಜು ಸೇರಿಸಿದರೆ ಅದು ಬೇಗ ಕರಗುತ್ತದೆ. ಕುಲುಮೆಗೆ ಹಾಕುವ ಸಾಮಗ್ರಿಯಲ್ಲಿ ನೂರಕ್ಕೆ ಹತ್ತು ಪಾಲು ಹಳೆಯ ಗಾಜು ಇದ್ದರೆ ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಶಕ್ತಿ ಉಳಿಯುತ್ತದೆ.

ಅಲ್ಯೂಮಿನಿಯಂನ 95ರ ಎದುರು ಈ ಉಳಿತಾಯ ಎಲ್ಲಿ? ಮೇಲಾಗಿ ಮರಳು, ಸುಣ್ಣಕಲ್ಲು ಅಗ್ಗದ ಪದಾರ್ಥಗಳು. ಗಾಜು ಭಾರ, ಸಾಗಾಟದ ಖರ್ಚು ಹೆಚ್ಚು. ಒಡೆದರೆ ಆಯುವವರ ಕೈ ಕೊಯ್ಯುತ್ತದೆ. ಬಣ್ಣದ ತೊಡಕು ಬೇರೆ. ಹಸಿರು ಅಥವಾ ಕಂದು ಗಾಜನ್ನು ಕರಗಿಸಿ ಬಣ್ಣವಿಲ್ಲದ ಗಾಜು ಮಾಡಲು ಬರುವುದಿಲ್ಲ. ಪಿಂಗಾಣಿ ಕಪ್ಪಿನ ಒಂದು ಚೂರು ಬೆರೆತರೂ ಅದು ಕರಗದೆ ಕಲ್ಲಿನಂತೆ ಉಳಿದು ಹೊಸ ಬಾಟಲಿಯನ್ನು ಹಾಳು ಮಾಡುತ್ತದೆ. ಹೀಗಾಗಿ ಒಡೆದ ಗಾಜಿಗೆ ಗುಜರಿಯಲ್ಲಿ ಬೆಲೆ ತೀರಾ ಕಡಿಮೆ. ಎಷ್ಟೋ ಊರುಗಳಲ್ಲಿ ಅದನ್ನು ಕೊಳ್ಳುವುದೇ ಇಲ್ಲ.

ಆದರೆ ಒಡೆಯದ ಬಾಟಲಿಯ ಮಾತೇ ಬೇರೆ. ಅದನ್ನು ಕರಗಿಸಬೇಕಾಗಿಯೇ ಇಲ್ಲ. ತೊಳೆದು ಮತ್ತೆ ತುಂಬಿದರಾಯಿತು. ನಮ್ಮ ಜಾತ್ರೆಗಳ ಗೋಲಿ ಸೋಡಾ ಸೀಸೆಯನ್ನು ನೆನಪಿಸಿಕೊಳ್ಳಿ. ಹಿರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವದು. ಅಂಗಡಿಯಾತ ಸೀಸೆಯನ್ನು ನಿಮ್ಮ ಕೈಗೆ ಕೊಟ್ಟು, ನೀವು ಕುಡಿದು ಮುಗಿಸುವವರೆಗೂ ಅದರ ಮೇಲೆ ಒಂದು ಕಣ್ಣು ಇಟ್ಟಿರುತ್ತಿದ್ದ. ಏಕೆಂದರೆ ಒಳಗಿನ ಸೋಡಾಕ್ಕಿಂತ ಸೀಸೆಗೇ ಬೆಲೆ ಹೆಚ್ಚು. ಸೀಸೆ ಹಿಂದಿರುಗಿದರೆ ಮಾತ್ರ ಆತನ ವ್ಯಾಪಾರ. ಹೀಗೆ ಮರಳುವ ಗಾಜಿನ ಬಾಟಲಿಗಳು ಇಪ್ಪತ್ತಕ್ಕೂ ಹೆಚ್ಚು ಬಾರಿ ಬಳಕೆಯಾಗುವುದುಂಟು.

ಕಾಗದದ ಆಯುಷ್ಯ

ರದ್ದಿ ಕಾಗದ ಮತ್ತು ರಟ್ಟಿಗೆ ಎಲ್ಲೆಡೆ ಗಿರಾಕಿಗಳಿದ್ದಾರೆ. ಕಾಗದವೆಂದರೆ ಮರ, ಬಿದಿರು ಅಥವಾ ಕಬ್ಬಿನ ಸಿಪ್ಪೆಯ ಸಣ್ಣ ನಾರುಗಳ ಚಾಪೆ. ನಾರು ನಾರನ್ನು ಹಿಡಿದಿಟ್ಟಿರುವುದು ಬಹುಪಾಲು ಹೈಡ್ರೊಜನ್ ಬಂಧ ಎಂಬ ದುರ್ಬಲ ಬಂಧ. ನೀರಿನಲ್ಲಿ ನೆನೆಸಿ ಕಡೆದರೆ ಈ ಬಂಧ ಬಿಟ್ಟು ನಾರುಗಳು ಬೇರೆಯಾಗುತ್ತವೆ. ಜಾಲರಿಯ ಮೇಲೆ ಹರಡಿ ಒಣಗಿಸಿದರೆ ಮತ್ತೆ ಕೂಡಿಕೊಳ್ಳುತ್ತವೆ. ಬೇರೆ ಮಾಡುವುದಕ್ಕೂ ನೀರೇ, ಕೂಡಿಸುವುದಕ್ಕೂ ನೀರೇ. ಇಷ್ಟು ಸುಲಭದ ವಿಧಾನವಿರುವುದರಿಂದಲೇ ದಪ್ಪ ಕಂದು ರಟ್ಟಿನ ಪೆಟ್ಟಿಗೆಗಳು ಮತ್ತೆ ರಟ್ಟಿನ ಪೆಟ್ಟಿಗೆಗಳಾಗಿ ಬೇಗ ಮರಳುತ್ತವೆ. ನಮ್ಮ ದೇಶದ ಕಾರ್ಖಾನೆಗಳಿಗೆ ಇಲ್ಲಿನ ರದ್ದಿ ಸಾಲದೆ ವಿದೇಶದಿಂದಲೂ ತರಿಸಿಕೊಳ್ಳುತ್ತಾರೆ.

ಆದರೆ ಕಾಗದಕ್ಕೆ ಆಯುಷ್ಯದ ಮಿತಿ ಇದೆ. ಪ್ರತಿ ಸಲ ಕಡೆದಾಗಲೂ ನಾರು ತುಂಡಾಗಿ ಗಿಡ್ಡವಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಸುತ್ತಿನ ನಂತರ ಅದು ಕೂಡಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ನಡುನಡುವೆ ಹೊಸ ನಾರು ಸೇರಿಸುತ್ತಿರಬೇಕು.

ಕಾಗದದ ದೊಡ್ಡ ಶತ್ರು ಎಣ್ಣೆ. ಬಜ್ಜಿ ಕಟ್ಟಿದ ಕಾಗದದ ನಾರಿಗೆ ಜಿಡ್ಡು ಹತ್ತಿರುತ್ತದೆ. ಅಲ್ಲಿ ನೀರಿನ ಆಟ ನಡೆಯದು. ಚಹಾ ಕುಡಿಯುವ ಪೇಪರ್ ಕಪ್ಪಿನದು ಇನ್ನೊಂದು ತರದ ತೊಡಕು. ಹೆಸರಿಗೆ ಪೇಪರ್, ಆದರೆ ಒಳಮೈಗೆ ಪಾಲಿಎಥಿಲೀನ್‌ನ ತೆಳು ಪದರ ಅಂಟಿಸಿರುತ್ತಾರೆ. ಇಲ್ಲವಾದರೆ ಚಹಾ ಸೋರಿಹೋಗುತ್ತದೆ. 'ಪ್ಲಾಸ್ಟಿಕ್ ಬಿಟ್ಟು ಪೇಪರ್ ಕಪ್ ಬಳಸುತ್ತಿದ್ದೇವೆ' ಎಂದು ಸಮಾಧಾನಪಡುವವರು ಇದನ್ನು ಗಮನಿಸಬೇಕು. ರದ್ದಿಯವನು ಅದನ್ನು ಮುಟ್ಟುವುದಿಲ್ಲ.

ಪ್ಲಾಸ್ಟಿಕ್ ಒಂದಲ್ಲ, ಹಲವು

ನಾವು 'ಪ್ಲಾಸ್ಟಿಕ್' ಎಂಬ ಒಂದೇ ಹೆಸರಿನಿಂದ ಕರೆಯುವುದು ಒಂದು ದೊಡ್ಡ ಕುಟುಂಬವನ್ನು. ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರ ಸಂಘ 1988ರಲ್ಲಿ ಜಾರಿಗೆ ತಂದ ಈ ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ. ನೀರಿನ ಬಾಟಲಿಯ ಪೆಟ್ 1. ಶಾಂಪೂ ಬಾಟಲಿ, ಫಿನಾಯಿಲ್ ಕ್ಯಾನಿನ ಗಟ್ಟಿ ಪಾಲಿಎಥಿಲೀನ್ 2. ಪಿವಿಸಿ 3. ತೆಳು ಚೀಲಗಳ ಮೃದು ಪಾಲಿಎಥಿಲೀನ್ 4. ಊಟದ ಡಬ್ಬಿಗಳ ಪಾಲಿಪ್ರೊಪಿಲೀನ್ 5. ಥರ್ಮಾಕೋಲಿನ ಪಾಲಿಸ್ಟೈರೀನ್ 6. ಉಳಿದದ್ದೆಲ್ಲ 7. ಅಂಕಿ ಇದೆ ಎಂದ ಮಾತ್ರಕ್ಕೆ ಆ ವಸ್ತು ಮರುಬಳಕೆ ಆಗುತ್ತದೆ ಎಂದು ಅರ್ಥವಲ್ಲ. ಬಹಳ ಜನ ಹಾಗೆ ತಿಳಿದಿದ್ದಾರೆ.

ಈ ಜಾತಿಗಳು ಕರಗಿದಾಗಲೂ ಎಣ್ಣೆ ನೀರಿನಂತೆ ಒಂದರೊಳಗೊಂದು ಬೆರೆಯುವುದಿಲ್ಲ. ಬೆರೆಸಿ ಅಚ್ಚು ಹೊಯ್ದರೆ ಅಲ್ಲಲ್ಲಿ ಬಿರುಕು ಬಿಡುವ ಕಳಪೆ ವಸ್ತು ಸಿಗುತ್ತದೆ. ಕೆಲವು ಜೋಡಿಗಳಂತೂ ಬದ್ಧವೈರಿಗಳು. ಪೆಟ್ ಕರಗುವುದು ಸುಮಾರು 250 ಡಿಗ್ರಿಯಲ್ಲಿ. ಆ ಶಾಖದಲ್ಲಿ ಪಿವಿಸಿ ಒಡೆದು ಹೈಡ್ರೊಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅದು ಪೆಟ್‌ನ ಉದ್ದನೆಯ ಅಣುಸರಪಳಿಗಳನ್ನು ಕಡಿದುಹಾಕುತ್ತದೆ. ರಾಶಿ ಪೆಟ್ ಚೂರಿನಲ್ಲಿ ಸ್ವಲ್ಪವೇ ಪಿವಿಸಿ ಬೆರೆತಿದ್ದರೂ ಮಾಲು ಹಳದಿಗಟ್ಟಿ ಕೆಡುತ್ತದೆ.

ಹಾಗಿದ್ದೂ ಪೆಟ್ ಬಾಟಲಿಗೆ ಗುಜರಿಯಲ್ಲಿ ಮರ್ಯಾದೆ ಇರುವುದೇಕೆ? ನೋಡಿದ ಕೂಡಲೇ ಗುರುತು ಸಿಗುತ್ತದೆ. ಹೆಚ್ಚಿನವು ಬಣ್ಣವಿಲ್ಲದವು. ಒಳಗಿದ್ದದ್ದು ನೀರು, ಆದ್ದರಿಂದ ಕೊಳೆಯಿಲ್ಲ. ಮುಖ್ಯವಾಗಿ ಅದನ್ನು ಕೊಳ್ಳುವವರಿದ್ದಾರೆ. ಪೆಟ್ ಮತ್ತು ಬಟ್ಟೆಯ ಪಾಲಿಯೆಸ್ಟರ್ ರಾಸಾಯನಿಕವಾಗಿ ಒಂದೇ. ಬಾಟಲಿಯನ್ನು ಚೂರು ಮಾಡಿ, ತೊಳೆದು, ಕರಗಿಸಿ, ಸಣ್ಣ ತೂತುಗಳ ಮೂಲಕ ಒತ್ತಿದರೆ ಎಳೆ ಬರುತ್ತದೆ. ದಿಂಬಿನ ಹತ್ತಿಯಂಥ ತುಂಬುವಿಕೆಗೆ, ಬಟ್ಟೆಗೆ ಇದು ಹೋಗುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಪ್ತಾಹದಲ್ಲಿ ಪ್ರಧಾನಿಯವರಿಗೆ ಕೊಡಲಾದ ನೀಲಿ ಜಾಕೀಟು ಇಂಥ ಬಾಟಲಿಗಳ ಎಳೆಯಿಂದಲೇ ನೇಯ್ದದ್ದು. ಎರಡು ದಿನಗಳ ನಂತರ ಅವರು ಅದನ್ನು ಸಂಸತ್ತಿಗೆ ತೊಟ್ಟು ಬಂದಿದ್ದರು.

ಹಾಲಿನ ಪ್ಯಾಕೆಟ್ ತಕ್ಕಡಿಗೆ ಏರುವುದೂ ಒಂದೇ ಜಾತಿಯ ಪಾಲಿಎಥಿಲೀನ್ ಆಗಿರುವುದರಿಂದ. ಆದರೆ ತೊಳೆದು ಒಣಗಿಸಿದ್ದರೆ ಮಾತ್ರ. ತೊಳೆಯದೆ ಮೂರು ದಿನ ಇಟ್ಟ ಪ್ಯಾಕೆಟ್ಟಿನ ವಾಸನೆ ನಿಮಗೇ ಗೊತ್ತು.

ಬಣ್ಣದ ಮಾತೂ ಇಲ್ಲೇ ಹೇಳಬೇಕು. ಬಗೆಬಗೆಯ ಬಣ್ಣದ ಪ್ಲಾಸ್ಟಿಕ್ ಕರಗಿಸಿದರೆ ಬರುವುದು ಕೊಳಕು ಕಂದು ಅಥವಾ ಬೂದು. ಅದನ್ನು ಮರೆಸಲು ಕಪ್ಪು ಬಣ್ಣ ಹಾಕುತ್ತಾರೆ. ಅಗ್ಗದ ಬಕೆಟ್ಟು, ಪೈಪು, ಹೂಕುಂಡಗಳು ಹೆಚ್ಚಾಗಿ ಕಪ್ಪಗಿರುವುದಕ್ಕೆ ಇದೂ ಒಂದು ಕಾರಣ. ಸ್ಪ್ರೈಟ್ ಪಾನೀಯದ ಹಸಿರು ಬಾಟಲಿಯನ್ನು ಅಮೆರಿಕದಲ್ಲಿ 2022ರಲ್ಲಿ ಬಣ್ಣವಿಲ್ಲದ ಬಾಟಲಿಗೆ ಬದಲಿಸಿದ್ದು ಮರುಬಳಕೆಗೆ ಸುಲಭವಾಗಲೆಂದೇ.

ಮನೆಯಲ್ಲೇ ಮಾಡಿ ನೋಡಿ

ವಿದ್ಯಾರ್ಥಿಗಳೇ, ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವ ಒಂದು ಮುಖ್ಯ ವಿಧಾನವನ್ನು ನೀವು ಎರಡು ಪಾತ್ರೆ ನೀರಿನಲ್ಲಿ ಮಾಡಬಹುದು. ನೀರಿನ ಬಾಟಲಿ, ಅದರ ಮುಚ್ಚಳ, ಹಾಲಿನ ಪ್ಯಾಕೆಟ್, 6 ಎಂಬ ಅಂಕಿ ಇರುವ ಗಟ್ಟಿ ಲೋಟ ಅಥವಾ ಡಬ್ಬಿ - ಇವುಗಳಿಂದ ಉಗುರಿನಗಲದ ಚೂರುಗಳನ್ನು ಕತ್ತರಿಸಿ. ಚಿಕ್ಕವರಾದರೆ ಕತ್ತರಿಸುವ ಕೆಲಸವನ್ನು ದೊಡ್ಡವರಿಂದ ಮಾಡಿಸಿ. ಮೊದಲ ಪಾತ್ರೆಯಲ್ಲಿ ಬರೀ ನೀರು. ಎರಡನೆಯದರಲ್ಲಿ ಒಂದು ಲೀಟರ್ ನೀರಿಗೆ ಸುಮಾರು 300 ಗ್ರಾಂ ಅಡುಗೆ ಉಪ್ಪು ಕರಗಿಸಿ. ಚೂರುಗಳಿಗೆ ಗಾಳಿಗುಳ್ಳೆ ಅಂಟದಂತೆ ಎರಡಕ್ಕೂ ಒಂದೊಂದು ಹನಿ ಸೋಪಿನ ನೀರು ಹಾಕಿ. ಚೂರುಗಳನ್ನು ಬೆರಳಿನಿಂದ ಮುಳುಗಿಸಿ ಬಿಡಿ.

ಬರೀ ನೀರಿನಲ್ಲಿ ಮುಚ್ಚಳ ಮತ್ತು ಹಾಲಿನ ಪ್ಯಾಕೆಟ್ ತೇಲುತ್ತವೆ. ಅವುಗಳ ಸಾಂದ್ರತೆ 0.90ರಿಂದ 0.96ರ ನಡುವೆ, ಅಂದರೆ ನೀರಿಗಿಂತ ಕಡಿಮೆ. ಬಾಟಲಿಯ ಚೂರು ಮುಳುಗುತ್ತದೆ. ಪೆಟ್‌ನ ಸಾಂದ್ರತೆ ಸುಮಾರು 1.38. ಲೋಟದ ಪಾಲಿಸ್ಟೈರೀನ್ (1.05) ಬರೀ ನೀರಿನಲ್ಲಿ ಮುಳುಗಿದರೂ ಉಪ್ಪು ನೀರಿನಲ್ಲಿ ತೇಲುತ್ತದೆ. ಕಾರ್ಖಾನೆಯ ತೊಟ್ಟಿಯಲ್ಲಿ ಬಾಟಲಿಯ ಚೂರು ತಳಕ್ಕೆ, ಮುಚ್ಚಳದ ಚೂರು ಮೇಲಕ್ಕೆ ಹೋಗುವುದು ಹೀಗೆಯೇ. ಈಗ ಪಿವಿಸಿ ಪೈಪಿನ ಒಂದು ಚೂರು ಹಾಕಿ. ಅದೂ ಎರಡರಲ್ಲೂ ಮುಳುಗುತ್ತದೆ! ಪೆಟ್‌ನ ಶತ್ರು ಪೆಟ್‌ನ ಪಕ್ಕದಲ್ಲೇ ಕೂರುತ್ತದೆ. ಅದಕ್ಕಾಗಿಯೇ ದೊಡ್ಡ ಕಾರ್ಖಾನೆಗಳು ಇವೆರಡನ್ನು ಗುರುತಿಸಲು ಅವಕೆಂಪು ಬೆಳಕಿನ ಯಂತ್ರಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಚೂರನ್ನು ಸುಟ್ಟು ಪರೀಕ್ಷಿಸಲು ಹೋಗಬೇಡಿ. ಹೊಗೆ ವಿಷಕಾರಿ.

ಪದರ ಪದರದ ಪೊಟ್ಟಣ

ಈಗ ಯಾರಿಗೂ ಬೇಡವಾದ ಗುಡ್ಡೆಗೆ ಬರೋಣ. ಚಿಪ್ಸ್ ಪೊಟ್ಟಣವನ್ನು ಬಿಡಿಸಿ ಒಳಮೈ ನೋಡಿ. ಬೆಳ್ಳಿಯಂತೆ ಹೊಳೆಯುತ್ತದೆ. ಹೊರಗೆ ಅಚ್ಚು ಹಾಕಿದ ಪ್ಲಾಸ್ಟಿಕ್, ನಡುವೆ ಅಲ್ಯೂಮಿನಿಯಂ ಆವಿ ಕೂರಿಸಿದ ಪದರ, ಒಳಗೆ ಶಾಖಕ್ಕೆ ಅಂಟಿಕೊಳ್ಳುವ ಇನ್ನೊಂದು ಪದರ - ಸಾಮಾನ್ಯವಾಗಿ ಇದರ ರಚನೆ ಹೀಗೆ. ಆ ಅಲ್ಯೂಮಿನಿಯಂ ಪದರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ತೆಳು.

ಇದನ್ನು ರೂಪಿಸಿದವರು ದಡ್ಡರಲ್ಲ. ಗಾಳಿಯ ಆಮ್ಲಜನಕ ತಾಗಿದರೆ ಎಣ್ಣೆ ಕಮಟಾಗುತ್ತದೆ. ತೇವ ತಾಗಿದರೆ ಚಿಪ್ಸ್ ಮೆತ್ತಗಾಗುತ್ತದೆ. ಬೆಳಕೂ ತಿಂಡಿಯನ್ನು ಕೆಡಿಸುತ್ತದೆ. ಮೂರನ್ನೂ ತಡೆಯುವ ಒಂದೇ ಅಗ್ಗದ ವಸ್ತು ಇಲ್ಲದ ಕಾರಣ, ಬೇರೆ ಬೇರೆ ಗುಣದ ಪದರಗಳನ್ನು ಕೂಡಿಸಿದರು. ಕೆಲವೇ ಗ್ರಾಂ ತೂಕದ ಪೊಟ್ಟಣ ತಿಂಡಿಯನ್ನು ತಿಂಗಳುಗಟ್ಟಲೆ ಕಾಪಾಡುತ್ತದೆ. ಆದರೆ ಯಾವ ಗುಣದಿಂದ ಅದು ಒಳ್ಳೆಯ ಹೊದಿಕೆಯಾಯಿತೋ ಅದೇ ಗುಣದಿಂದ ಅದು ಕೆಟ್ಟ ಗುಜರಿಯಾಯಿತು. ಅಂಟಿಸಿದ ಪದರಗಳನ್ನು ಮತ್ತೆ ಬಿಡಿಸುವುದು ಯಾರಿಗೂ ಲಾಭದ ಕೆಲಸವಲ್ಲ.

ಹಣ್ಣಿನ ರಸದ ಚೌಕಾಕಾರದ ಟೆಟ್ರಾ ಪ್ಯಾಕ್ ಕೂಡ ಇದೇ ಬಗೆ: ಸುಮಾರು ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪಾಲಿಎಥಿಲೀನ್ ಮತ್ತು ಚೂರು ಅಲ್ಯೂಮಿನಿಯಂ. ಇದನ್ನು ನೀರಿನಲ್ಲಿ ಕಡೆದು ರಟ್ಟಿನ ನಾರನ್ನು ತೆಗೆಯಬಹುದು. ಉಳಿದದ್ದನ್ನು ಒತ್ತಿ ಚಾವಣಿಯ ಹಾಳೆ, ಶಾಲೆಯ ಬೆಂಚು ಮಾಡುವುದೂ ಉಂಟು. ಆದರೆ ಅಂಥ ಕಾರ್ಖಾನೆಗಳು ಕಡಿಮೆ. ಹತ್ತಿರದಲ್ಲಿ ಕಾರ್ಖಾನೆ ಇಲ್ಲದ ಊರಿನಲ್ಲಿ ಅದೂ ಬರೀ ಕಸ.

ಇನ್ನು ತೂಕದ ಲೆಕ್ಕ. ಒಂದು ಅಲ್ಯೂಮಿನಿಯಂ ಕ್ಯಾನ್ ಸುಮಾರು 14 ಗ್ರಾಂ. ಎಪ್ಪತ್ತು ಕ್ಯಾನ್ ಆಯ್ದರೆ ಒಂದು ಕಿಲೋ. ಒಂದು ಲೀಟರಿನ ನೀರಿನ ಬಾಟಲಿ ಸುಮಾರು 25 ಗ್ರಾಂ ಎಂದರೆ ನಲವತ್ತು ಬಾಟಲಿಗೆ ಒಂದು ಕಿಲೋ. ಶಾಂಪೂ ಸ್ಯಾಷೆ ಒಂದು ಗ್ರಾಂ ಎಂದೇ ಇಟ್ಟುಕೊಳ್ಳಿ, ಸಾವಿರ ಸ್ಯಾಷೆ ಬೇಕು. ಬೀದಿಯಲ್ಲಿ ಚಿಂದಿ ಆಯುವ ಹೆಂಗಸು ಒಂದು ಕಿಲೋಗೆ ಸಾವಿರ ಸಲ ಬಗ್ಗಬೇಕು. ಬಗ್ಗಿ ಆಯ್ದರೂ ಕೊಳ್ಳುವವರಿಲ್ಲ. ಹಾಗಾದರೆ ಆಕೆ ಯಾಕೆ ಬಗ್ಗಬೇಕು?

ಥರ್ಮಾಕೋಲಿನ ತೊಂದರೆಯೂ ತೂಕದ್ದೇ. ಅದರ ಗಾತ್ರದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಭಾಗ ಗಾಳಿ. ಲಾರಿ ತುಂಬ ಥರ್ಮಾಕೋಲ್ ಹೇರಿದರೆ ಡೀಸೆಲ್ ಸುಟ್ಟು ಗಾಳಿ ಸಾಗಿಸಿದಂತೆ.

ಯಾರ ಬೆನ್ನ ಮೇಲೆ ಈ ಭಾರ?

1950ರಿಂದ 2015ರವರೆಗೆ ಜಗತ್ತಿನಲ್ಲಿ ಕಸವಾಗಿ ಹೋದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಯಾದದ್ದು ನೂರಕ್ಕೆ ಸುಮಾರು 9 ಪಾಲು ಮಾತ್ರ ಎಂದು ಅಮೆರಿಕದ ಮೂವರು ವಿಜ್ಞಾನಿಗಳು 2017ರಲ್ಲಿ ಲೆಕ್ಕಹಾಕಿದರು. ಸುಮಾರು 12 ಪಾಲು ಸುಡಲ್ಪಟ್ಟಿತು. ಉಳಿದ 79 ಪಾಲು ಇನ್ನೂ ನೆಲದಲ್ಲಿ, ನೀರಿನಲ್ಲಿ, ಕಸದ ಗುಡ್ಡಗಳಲ್ಲಿ ಇದೆ. ಶ್ರೀಮಂತ ದೇಶಗಳು ಶಿಸ್ತಾಗಿ ವಿಂಗಡಿಸಿದ ಪ್ಲಾಸ್ಟಿಕ್ಕಿನಲ್ಲೂ ಬಹುಭಾಗ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. 2018ರಲ್ಲಿ ಚೀನಾ ಬಾಗಿಲು ಮುಚ್ಚಿದಾಗ ಅಲ್ಲೆಲ್ಲ ರಾಶಿ ಬೆಳೆಯತೊಡಗಿತು.

ನಮ್ಮಲ್ಲಿ ವಿಂಗಡಿಸುವ ಯಂತ್ರ ಕಡಿಮೆ. ವಿಂಗಡಿಸುವ ಕೈಗಳೇ ಹೆಚ್ಚು. ಚಿಂದಿ ಆಯುವವರು, ತಳ್ಳುಗಾಡಿಯವರು, ಗುಜರಿ ಅಂಗಡಿಯವರು - ಈ ಸರಪಳಿಯೇ ನಮ್ಮ ಮರುಬಳಕೆ ವ್ಯವಸ್ಥೆ. ಇವರ ಸಂಪಾದನೆ ದೂರದ ಪೇಟೆಯ ಏರಿಳಿತಕ್ಕೆ ಕಟ್ಟಿಹಾಕಿದೆ. ಹೊಸ ಪ್ಲಾಸ್ಟಿಕ್ ತಯಾರಾಗುವುದು ಮುಖ್ಯವಾಗಿ ಕಚ್ಚಾ ತೈಲ ಮತ್ತು ನೈಸರ್ಗಿಕ ಅನಿಲದಿಂದ. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗ. ಹಳೆಯದಕ್ಕೆ ಬೇಡಿಕೆ ಇಳಿಯುತ್ತದೆ. 2020ರಲ್ಲಿ ಕೋವಿಡ್ ಕಾಲದಲ್ಲಿ ತೈಲದ ಬೆಲೆ ಕುಸಿದಾಗ ಇದೇ ಆಯಿತು.

ಯಾರೂ ಒಯ್ಯದ ಕಸದ ಹೊರೆ ಬೇರೆಯವರ ಊರಿನ ಮೇಲೆ ಬೀಳುತ್ತದೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳಿಗೆ ಹೋಗಿ ಬಿತ್ತು. ಅಲ್ಲಿನ ಜನ ನೊಣ, ವಾಸನೆ, ಕೆಟ್ಟ ನೀರಿನಿಂದ ಬೇಸತ್ತು ಹೋರಾಡಿದ ಮೇಲೆ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಯಲ್ಲಿ ಲಾರಿಗಳು ಹೋಗುವುದು ನಿಂತಿತು. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂಬ ಕಟ್ಟುನಿಟ್ಟು, ವಾರ್ಡುಗಳ ಒಣ ತ್ಯಾಜ್ಯ ಕೇಂದ್ರಗಳು ಬಂದದ್ದು ಆ ದಿನಗಳಲ್ಲಿಯೇ.

ಲೆಕ್ಕವನ್ನೇ ಬದಲಿಸಿದರೆ?

ಗುಜರಿಯವನ ಲೆಕ್ಕ ನಿಸರ್ಗದ ನಿಯಮವಲ್ಲ. ಅದನ್ನು ಬದಲಿಸಬಹುದು. ನೆರೆಯ ನೀಲಗಿರಿ ಜಿಲ್ಲೆಯನ್ನೇ ನೋಡಿ. ಕಾಡಿನಲ್ಲಿ ಬಿಸಾಡಿದ ಮದ್ಯದ ಬಾಟಲಿಗಳ ಗಾಜು ಆನೆ ಮತ್ತಿತರ ಪ್ರಾಣಿಗಳ ಕಾಲಿಗೆ ಚುಚ್ಚುತ್ತಿತ್ತು. ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರಲ್ಲಿ ಪ್ರತಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ಮರಳಿಸಿದರೆ ಹಿಂತಿರುಗಿಸುವ ಪದ್ಧತಿ ಬಂತು. ಬಾಟಲಿಗಳು ಮರಳಿ ಬರತೊಡಗಿದವು. ಗಾಜಿನ ಗುಣ ಬದಲಾಗಲಿಲ್ಲ. ಅದರ ಮೇಲೆ ಹತ್ತು ರೂಪಾಯಿ ಕೂತಿತು ಅಷ್ಟೆ. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಎಸೆಯುವ ಬಾಟಲಿ, ಕ್ಯಾನುಗಳಿಗೂ ಠೇವಣಿ ಇದೆ. ಅಲ್ಲಿ ಬಹುತೇಕ ಎಲ್ಲವೂ ಅಂಗಡಿಗೆ ಮರಳುತ್ತವೆ.

ನಮ್ಮ ದೇಶದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಪೊಟ್ಟಣ ಮಾರುವ ಕಂಪನಿಗೇ ಅದನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಿಸಿವೆ. 2022ರಲ್ಲಿ ಈ ಹೊಣೆಗೆ ವರ್ಷವಾರು ಗುರಿಗಳೂ ಸೇರಿದವು. ಅದೇ ವರ್ಷ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮಾಕೋಲ್ ಮೊದಲಾದವುಗಳ ಮೇಲೆ ನಿಷೇಧ ಬಂದಿದೆ. ಮದುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ಪ್ಲಾಸ್ಟಿಕ್ ಕಸವನ್ನು ಬಿಸಿ ಜಲ್ಲಿಗೆ ಲೇಪಿಸಿ ಡಾಂಬರು ರಸ್ತೆಗೆ ಬಳಸುವ ವಿಧಾನ ರೂಪಿಸಿದ್ದಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಇವೆಲ್ಲ ಒಳ್ಳೆಯವೇ. ಆದರೆ ರಸ್ತೆಯಾದ ಪೊಟ್ಟಣ ಮತ್ತೆ ಪೊಟ್ಟಣವಾಗದು. ನಾಳೆಯ ಚಿಪ್ಸಿಗೆ ಮತ್ತೆ ಹೊಸ ಪ್ಲಾಸ್ಟಿಕ್ಕೇ ಬೇಕು. ಒಂದೇ ಜಾತಿಯ ಪದರಗಳಿಂದ ಪೊಟ್ಟಣ ಮಾಡುವ ಪ್ರಯತ್ನಗಳು ನಡೆದಿವೆ. ನಿಜವಾದ ಪರಿಹಾರ ಇರುವುದು ಆ ದಿಕ್ಕಿನಲ್ಲಿ, ಅಂದರೆ ತಯಾರಿಸುವಾಗಲೇ ಮುಂದಿನ ಗತಿಯನ್ನು ಯೋಚಿಸುವುದರಲ್ಲಿ.

ನಾವೇನು ಮಾಡಬಹುದು?

ಪೋಷಕರು ಅಂಗಡಿಯಲ್ಲಿ ವಸ್ತು ಕೊಳ್ಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದರ ಖಾಲಿ ಹೊದಿಕೆಯನ್ನು ಗುಜರಿಯವನು ಒಯ್ಯುತ್ತಾನೆಯೇ? ಹತ್ತು ಸ್ಯಾಷೆಯ ಬದಲು ಒಂದು ಬಾಟಲಿ ತಂದರೆ ಉತ್ತರ 'ಇಲ್ಲ'ದಿಂದ 'ಹೌದು' ಆಗುತ್ತದೆ. ದಿನಗೂಲಿಯಲ್ಲಿ ಬದುಕುವವರು ಎರಡು ರೂಪಾಯಿಯ ಸ್ಯಾಷೆ ಕೊಳ್ಳುವುದು ಅನಿವಾರ್ಯವಿರಬಹುದು, ಅವರನ್ನು ದೂರಿ ಫಲವಿಲ್ಲ. ಬಾಟಲಿ ಕೊಳ್ಳುವ ಶಕ್ತಿ ಇರುವವರು ಮೊದಲು ಬದಲಾಗಲಿ.

ಮನೆಯಲ್ಲಿ ಎರಡು ಬುಟ್ಟಿ ಇರಲಿ. ಸಾರು ಚೆಲ್ಲಿದ ರಟ್ಟು, ಅನ್ನ ಮೆತ್ತಿದ ಬಾಟಲಿ ತಕ್ಕಡಿಯಿಂದ ಕೆಳಗಿಳಿಯುವುದು ನಮ್ಮ ಅಡುಗೆಮನೆಯಲ್ಲೇ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರ್ಪಡಿಸಬೇಡಿ. ಆ ಚಿಕ್ಕ ತುಂಡನ್ನು ಆಯಲು ಯಾರಿಂದಲೂ ಆಗದು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು ಕೊಡಿ. ಅದನ್ನು ಎತ್ತುವ ಕೈಯೂ ಒಬ್ಬ ತಾಯಿಯದೋ ತಂದೆಯದೋ ಆಗಿರುತ್ತದೆ.

ವಿದ್ಯಾರ್ಥಿಗಳು ಒಂದು ವಾರ ತಮ್ಮ ಮನೆಯ ಖಾಲಿ ಹೊದಿಕೆಗಳನ್ನು ಕೂಡಿಟ್ಟು ಮೂರು ಕಾಲಂಗಳ ಪಟ್ಟಿ ಮಾಡಲಿ. ಗುಜರಿಗೆ ಹೋಗುವುದು, ಹೋಗದ್ದು, ತೊಳೆದಿದ್ದರೆ ಹೋಗುತ್ತಿದ್ದದ್ದು. ಮೂರನೆಯ ಕಾಲಂ ಎಷ್ಟು ಉದ್ದವಿದೆ ನೋಡಿ. ಅದನ್ನು ಚಿಕ್ಕದು ಮಾಡಲು ಸರ್ಕಾರವಾಗಲಿ ಕಂಪನಿಯಾಗಲಿ ಬೇಕಿಲ್ಲ; ಒಂದು ಚೊಂಬು ನೀರು ಸಾಕು.